ಮೋಟಾರಿಗೆ ಅಪ್ಪನ ದನಿ

ನಮ್ಮ ಹೊಲದ ಮೋಟಾರಿಗೆ ಒಂದು ಫೋನ್ ನಂಬರಿದೆ. ನಗಬೇಡಿ. ನಿಮ್ಮ ಕಡೆಗೂ ಇದು ಇವತ್ತಲ್ಲ ನಾಳೆ ಬರುತ್ತದೆ. ಬರದಿದ್ದರೆ ಹುಣಸೂರಿಗೆ ಬನ್ನಿ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿಯಿದೆ, ನಾನೇ ಹಾಕಿಕೊಡುತ್ತೇನೆ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿ ಕೇಳಿ, "ಹಾಂ, ಸರಿ ಸರಿ" ಎಂದು ಇಟ್ಟೆ.

"ಯಾರು?" ಎಂದಳು ನನ್ನ ಹೆಂಡತಿ.

"ಮೋಟಾರು."

"ಅದಕ್ಕೆ ಸರಿ ಸರಿ ಅಂತ ಯಾಕೆ ಅಂದ್ರಿ? ಅದಕ್ಕೇನು ಕಿವಿ ಇದ್ದಾವಾ?"

ಮೋಟಾರಿನ ಪರವಾಗಿ ಫೋನ್ ಮಾಡುವ ಪೆಟ್ಟಿಗೆಯನ್ನು ಕಟ್ಟಿದವನು ನಾನೇ. ಅದರೊಳಗೆ ಏನಿದೆ, ಏನಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕಿವಿ ಖಂಡಿತ ಇಲ್ಲ. ಆದರೂ ಎದುರಿಗೆ ಒಂದು ದನಿ ಮಾತಾಡಿದರೆ ಹೂಂಗುಟ್ಟದೆ ಇಡುವುದು ಮರ್ಯಾದೆಯಲ್ಲ ಎಂದು ನಮ್ಮನ್ನು ಬೆಳೆಸಿದ್ದಾರೆ. ನಾಲ್ಕು ವರ್ಷದ ಇಂಜಿನಿಯರಿಂಗ್ ಓದಿನಿಂದ ಅದು ಹೋಗಲಿಲ್ಲ.

ಈ ಪೆಟ್ಟಿಗೆಯ ಕೆಲಸ ಇಷ್ಟೆ. ನಮ್ಮ ಪಿರಿಯಾಪಟ್ಟಣದ ಕಡೆ ಹೊಲಕ್ಕೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎನ್ನುವುದು ಕರೆಂಟಿಗೂ ಗೊತ್ತಿರುವುದಿಲ್ಲ. ಮೊದಲು ಅದನ್ನು ನೋಡಲು ಹೊಲಕ್ಕೇ ಹೋಗಬೇಕಿತ್ತು. ಈಗ ಸ್ಟಾರ್ಟರಿನ ಪಕ್ಕ ಒಂದು ಪೆಟ್ಟಿಗೆ, ಅದರೊಳಗೆ ಒಂದು ಬ್ಯಾಟರಿ, ಒಂದು ಸಿಮ್ಮು. ಕರೆಂಟು ಬಂದರೆ ಪೆಟ್ಟಿಗೆಯೇ ನಮಗೆ ಫೋನ್ ಮಾಡಿ ಹೇಳುತ್ತದೆ. ನಾವು ಫೋನ್ ಮಾಡಿದರೂ ಇದೆ, ಇಲ್ಲ ಎಂದು ಹೇಳುತ್ತದೆ. ಒಂದನ್ನು ಒತ್ತಿದರೆ ಮೋಟಾರು ಓಡುತ್ತದೆ, ಎರಡನ್ನು ಒತ್ತಿದರೆ ನಿಲ್ಲುತ್ತದೆ.

ನಾನು ಇಂಜಿನಿಯರ್ ಆದೆನೆಂದು ಊರಿಗೆ ಗೊತ್ತಾದ ದಿನದಿಂದ ನಮ್ಮ ಜಗಲಿಯ ಮೇಲೆ ಕೆಟ್ಟ ಮಿಕ್ಸಿಗಳು ಬಂದು ಕೂರತೊಡಗಿದವು. ಊರಿನ ಪ್ರಕಾರ ಇಂಜಿನಿಯರ್ ಎಂದರೆ ಮಿಕ್ಸಿ ಬಿಚ್ಚುವವನು. ಟಿವಿಯೂ ಬಿಚ್ಚಿದರೆ ದೊಡ್ಡ ಇಂಜಿನಿಯರ್. ಒಬ್ಬ ಅಜ್ಜಿ ತಮ್ಮ ಹಸುವನ್ನೇ ಹಿಡಿದುಕೊಂಡು ಬಂದಿದ್ದರು, ಹಾಲು ಇಳಿಸುತ್ತಿಲ್ಲ, ನೋಡಪ್ಪ ಎಂದು. ಈ ಬಿಚ್ಚುವ ಚಟ ನನಗೆ ಚಿಕ್ಕಂದಿನಿಂದಲೂ ಇತ್ತು ಎನ್ನಿ. ಅಪ್ಪ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ಅಂಗಡಿಯಿಂದ ಒಂದು ಸಣ್ಣ ರೇಡಿಯೋ ತಂದಿದ್ದರು. ಅದರೊಳಗೆ ಮಾತಾಡುವವರು ಎಲ್ಲಿ ಕೂತಿದ್ದಾರೆ ನೋಡೋಣ ಎಂದು ಬಿಚ್ಚಿದೆ. ಒಳಗೆ ಸಿಕ್ಕಿದ್ದು ಇರುವೆಗಳು. ಮತ್ತೆ ಜೋಡಿಸಿದ ಮೇಲೆ ಮೂರು ಸ್ಕ್ರೂ ಮಿಕ್ಕಿದವು, ರೇಡಿಯೋ ಮಾತು ಬಿಟ್ಟಿತು. ಆವತ್ತು ಬೆನ್ನಿಗೆ ಬಿದ್ದದ್ದೇ ನನ್ನ ಮೊದಲ ಪ್ರಾಕ್ಟಿಕಲ್ ಕ್ಲಾಸು.

ಇಷ್ಟು ವರ್ಷ ಯಂತ್ರಗಳ ಜೊತೆ ಏಗಿ ನಾನು ಕಂಡುಕೊಂಡಿದ್ದು ಒಂದೇ ಮಾತು. ಯಾವ ಯಂತ್ರವೂ ಪೆಟ್ಟಿಗೆಯ ಮೇಲೆ ಬರೆದಿರುವ ಕೆಲಸವೊಂದನ್ನೇ ಮಾಡುವುದಿಲ್ಲ. ಹೇಳದೆ ಇನ್ನೊಂದು ಕೆಲಸವನ್ನೂ ಮಾಡುತ್ತಿರುತ್ತದೆ. ಆಟೋಮ್ಯಾಟಿಕ್ ಸ್ಟಾರ್ಟರ್ ಬಂದ ಹೊಸದರಲ್ಲಿ ನೋಡಬೇಕಿತ್ತು. ಕರೆಂಟು ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ, ರೈತ ಮನೆಯಲ್ಲಿ ಹಾಯಾಗಿ ಮಲಗಬಹುದು ಎಂದರು. ಒಬ್ಬ ಹಾಕಿಸಿದ, ಹಾಯಾಗಿ ಮಲಗಿದ. ಅವನನ್ನು ನೋಡಿ ಎಲ್ಲರೂ ಹಾಕಿಸಿದರು. ಕರೆಂಟು ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ಕೂತವು, ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಹೊಸದು ಬರುವ ತನಕ ಇಡೀ ಊರೇ ಹಾಯಾಗಿ ಮಲಗಿತು. ಅದಕ್ಕೇ ನಾನು ತಾನಾಗಿ ಓಡುವ ಪೆಟ್ಟಿಗೆ ಮಾಡದೆ ಕೇಳಿ ಓಡುವ ಪೆಟ್ಟಿಗೆ ಮಾಡಿದೆ. ಆ ಬುದ್ಧಿವಂತಿಕೆಯ ಬಗ್ಗೆ ನನಗೆ ಕೊಂಚ ಜಂಬವೂ ಇತ್ತು.

ತೊಂದರೆ ಬಂದದ್ದು ದನಿಯಿಂದ. ಸಿದ್ಧವಾಗಿ ಸಿಗುತ್ತಿದ್ದ ದನಿ ಒಬ್ಬ ಹೆಂಗಸಿನದು, ಸ್ಪಷ್ಟ ಗ್ರಾಂಥಿಕ ಕನ್ನಡ. "ವಿದ್ಯುತ್ ಸರಬರಾಜು ಸ್ಥಗಿತಗೊಂಡಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯಿಂದ ಒಬ್ಬರು ಪೆಟ್ಟಿಗೆಯನ್ನು ವಾಪಸ್ಸು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ಅದ್ಯಾರೋ ಟೀಚರಮ್ಮ ಕಣ್ರೀ. ಫೋನ್ ಮಾಡ್ದಾಗೆಲ್ಲ ಪಾಠ ಒಪ್ಪುಸ್ತಾಳೆ. ಕರೆಂಟ್ ಅದಾ ಇಲ್ವಾ, ಒಂದ್ಮಾತು ಏಳಕ್ಕೇನು ಅವಳ್ಗೆ ರೋಗ?"

ಎಚ್.ಡಿ. ಕೋಟೆಯ ಆಚೆ ಎನ್. ಬೇಗೂರಿನ ಒಬ್ಬರಿಗೆ ಇನ್ನೊಂದು ಆಸೆ. ಕರೆಂಟಿನ ಜೊತೆ ಹೊಲಕ್ಕೆ ಆನೆ ಬಂದಿದೆಯೋ ಇಲ್ಲವೋ ಎಂಬುದನ್ನೂ ಹೇಳಿಸಿ ಎಂದರು. ಶುಂಠಿ ಬೆಳೆಯಲು ಗುತ್ತಿಗೆಗೆ ಜಮೀನು ಹಿಡಿದಿದ್ದ ಕೇರಳದವರು ಮಲಯಾಳಂನಲ್ಲಿ ಬೇಕೆಂದರು. ಆನೆಯದು ನನ್ನ ಕೈಲಾಗದು, ಮಲಯಾಳಂ ಆಮೇಲೆ ನೋಡೋಣ, ಮೊದಲು ನಮ್ಮ ಸೀಮೆಯ ಮಾತನ್ನಾದರೂ ಹಾಕೋಣ ಎಂದುಕೊಂಡೆ. ಅದಕ್ಕೆ ದನಿ ಕೊಡುವವರು ಬೇಕಲ್ಲ. ನಮ್ಮ ಅಪ್ಪ ಬಿಟ್ಟಿಗೆ ಸಿಕ್ಕಿದರು.

ಅಪ್ಪನ ಹೆಸರು ಗುರುಸಿದ್ದಪ್ಪ. ದೊಡ್ಡ ಗಂಟಲು. ಇತ್ತ ಕೆಮ್ಮಿದರೆ ಅತ್ತ ಮೂರನೇ ಹೊಲದ ಕೊಕ್ಕರೆ ಹಾರುತ್ತದೆ. ರೆಕಾರ್ಡ್ ಮಾಡುವ ದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮದುವೆಗೆ ಹೊರಟವರಂತೆ ಬಿಳಿ ಶರಟು ಹಾಕಿ ಬಂದು ಕೂತರು. ಬರೀ ದನಿ ಅಪ್ಪ, ಮುಖ ಬರುವುದಿಲ್ಲ ಎಂದೆ. "ನಿಂಗೆ ಗೊತ್ತಾಗಕ್ಕಿಲ್ಲ ಸುಮ್ನಿರು" ಎಂದರು. ನಾನು ಬರೆದುಕೊಟ್ಟಿದ್ದು "ಕರೆಂಟ್ ಬಂದಿದೆ", "ಕರೆಂಟ್ ಇಲ್ಲ" ಎಂದು ಎರಡೆರಡು ಪದ. ಅಪ್ಪನ ಬಾಯಿಗೆ ಅಷ್ಟು ಚಿಕ್ಕ ಮಾತು ಹೊಂದುವುದಿಲ್ಲ. ಎಷ್ಟು ಸಲ ಹೇಳಿಸಿದರೂ ಬಾಲ ಬೆಳೆಯುತ್ತಲೇ ಹೋಯಿತು. ಕೊನೆಗೆ ಉಳಿದದ್ದು ಹೀಗೆ:

"ಕರೆಂಟ್ ಬಂದದೆ ಕಣಪ್ಪ. ಮೋಟ್ರು ಓಡ್ಸದಾದ್ರೆ ಒಂದು ಒತ್ತು."

"ಕರೆಂಟ್ ಇಲ್ಲ ಕಣಪ್ಪ. ಬಿಸ್ಲಲ್ಲಿ ಬರ್ಬೇಡ, ಮನೇಲೇ ಇರು."

"ಯಾರಿಗಪ್ಪ ಈ ಕಣಪ್ಪ ಅನ್ನೋದು?" ಎಂದು ಕೇಳಿದೆ.

"ಯಾರ್ಗಾರ ಆಗ್ಲಿ, ಫೋನ್ ಮಾಡ್ದೋನ್ಗೆ" ಎಂದು ಅಪ್ಪ ಎದ್ದು ಹೋದರು.

ಈಗ ನಮ್ಮ ಮನೆಯ ವಿಷಯವನ್ನು ಹೇಳದೆ ಗತ್ಯಂತರವಿಲ್ಲ. ಆ ಮೋಟಾರು ನಮ್ಮೊಬ್ಬರದಲ್ಲ. ಅಪ್ಪನಿಗೂ ಚಿಕ್ಕಪ್ಪ ನಂಜಪ್ಪನಿಗೂ ಸೇರಿದ್ದು. ಒಂದೇ ಕೊಳವೆಬಾವಿ, ಒಂದು ದಿನ ನೀರು ನಮಗೆ, ಮಾರನೇ ದಿನ ಅವರಿಗೆ. ಮನೆಗಳೂ ಹಾಗೆಯೇ, ನಡುವೆ ಒಂದು ಗೋಡೆ. ಇತ್ತ ಒಗ್ಗರಣೆ ಹಾಕಿದರೆ ಅತ್ತ ಸೀನುತ್ತಾರೆ. ಅಷ್ಟು ಹತ್ತಿರದ ಅಣ್ಣ ತಮ್ಮ ಮಾತು ಬಿಟ್ಟು ಆಗ ವರ್ಷದ ಮೇಲಾಗಿತ್ತು.

ಹೊಲದ ಬದುವಿಗೆ ಅಲ್ಲ, ಆಸ್ತಿಗೂ ಅಲ್ಲ. ಹಾಗಾಗಿದ್ದರೆ ನ್ಯಾಯ ಸೇರಿಸಬಹುದಿತ್ತು. ನನ್ನ ತಂಗಿ ಭಾಗ್ಯಳ ಮದುವೆಯ ಹೊತ್ತಿಗೆ ಅಪ್ಪನ ಕೈಗೆ ಹೊಸ ಸ್ಮಾರ್ಟ್‌ಫೋನು ಬಂದಿತ್ತು. ವಾಟ್ಸಾಪಿನಲ್ಲಿ ಲಗ್ನಪತ್ರಿಕೆಯನ್ನು ಒಂದೇ ಏಟಿಗೆ ಎಲ್ಲರಿಗೂ ಕಳಿಸುವುದನ್ನು ಕಲಿತು ಅಪ್ಪ ಸಂಭ್ರಮದಲ್ಲಿ ಕುಣಿದಾಡಿಬಿಟ್ಟರು. ಫೋನಿನಲ್ಲಿದ್ದ ಹೆಸರಿಗೆಲ್ಲ ಕಳಿಸಿದರು. ಗೊಬ್ಬರದಂಗಡಿಗೆ ಹೋಯಿತು, ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ನಂಬರಿಗೂ ಹೋಯಿತು. ಹಾಗೆಯೇ ಗೋಡೆಯಾಚೆಗಿದ್ದ ಚಿಕ್ಕಪ್ಪನಿಗೂ ಹೋಯಿತು. ಕಳಿಸಿದ್ದಾಯಿತಲ್ಲ ಎಂದು ಅಪ್ಪ ಸುಮ್ಮನಾದರು.

ನಮ್ಮಲ್ಲಿ ಮದುವೆಗೆ ಕರೆಯುವುದು ಎಂದರೆ ಮನೆ ಬಾಗಿಲಿಗೆ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಅರಿಶಿನ ಕುಂಕುಮ ಕೊಟ್ಟು, "ನೀವು ಬಂದು ನಿಂತ್ಕೊಂಡು ನಡೆಸಿಕೊಡಬೇಕು" ಎನ್ನುವುದು. ಚಿಕ್ಕಪ್ಪ ಕಾದರು. ಹಿಂದಿನ ದಿನದವರೆಗೂ ಕಾದರು. ಅಪ್ಪ ಹೋಗಲಿಲ್ಲ. ಮಾರನೇ ದಿನ ಚಿಕ್ಕಪ್ಪ ಮದುವೆಗೆ ಬಂದರು, ಆದರೆ ಗಂಡಿನ ಕಡೆಯವರಾಗಿ ಬಂದರು. ಬೀಗರ ನಡುವೆ ಕೂತು, ಬೀಗರ ಪಂಕ್ತಿಯಲ್ಲಿ ಉಂಡು, ಮುಯ್ಯಿಯ ದುಡ್ಡನ್ನು ಗಂಡಿನ ಕೈಗೇ ಕೊಟ್ಟು ಹೋದರು. ಹುಡುಗಿಯ ಸ್ವಂತ ಚಿಕ್ಕಪ್ಪ! ಬೀಗರು ಇವರನ್ನು ನಮ್ಮ ಕಡೆಯವರೆಂದು ಉಪಚರಿಸಿದರು, ನಾವು ಬೀಗರ ಕಡೆಯವರಂತೆ ಉಪಚರಿಸಬೇಕಾಯಿತು. ಇದಕ್ಕಿಂತ ದೊಡ್ಡ ಬೈಗುಳ ನಮ್ಮ ಸೀಮೆಯಲ್ಲಿಲ್ಲ. "ಅಷ್ಟು ಜನರೆದ್ರು ಮಾನ ತೆಗುದ್ನಲ್ಲ" ಎಂದು ಅಪ್ಪ ಮಾತು ಬಿಟ್ಟರು. "ಗೋಡೆ ಆಚೆ ಇರೋನ್ಗೆ ಮೊಬೈಲಲ್ಲಿ ಕರಿತಾನಲ್ಲ" ಎಂದು ಚಿಕ್ಕಪ್ಪ ಮೊದಲೇ ಬಿಟ್ಟಿದ್ದರು.

ಮಾತು ಬಿಟ್ಟರೂ ನೀರು ಬಿಡಲಾಗುವುದಿಲ್ಲವಲ್ಲ. ಬಾವಿ ಒಂದೇ, ಪೈಪಿನ ವಾಲ್ವ್ ತಿರುಗಿಸಿ ಸರದಿಯನ್ನು ಒಪ್ಪಿಸಲೇಬೇಕು. ಅದಕ್ಕೆ ನಮ್ಮ ಹಿರಿಯರು ಒಂದು ದಾರಿ ಮಾಡಿದ್ದಾರೆ. ಮಾತಾಡದವನ ಎದುರಿಗೆ ನಿಂತು ಎಮ್ಮೆಯ ಹತ್ತಿರ ಮಾತಾಡುವುದು. ಅಪ್ಪ ಬಾವಿಯ ಹತ್ತಿರ ಎಮ್ಮೆಯ ಬೆನ್ನು ಸವರುತ್ತ, "ನಾಳೆ ಶುಂಠಿಗೆ ನೀರು ಬುಡ್ಬೇಕು ಕಣವ್ವ, ಕೆಲವ್ರು ವಾಲ್ ತಿರುಗ್ಸೋದು ಮರೀತಾರೆ" ಎನ್ನುವರು. ಚಿಕ್ಕಪ್ಪ ಅದೇ ಎಮ್ಮೆಯ ಕಡೆಗೆ ತಿರುಗಿ, "ಮರ್ಯೋ ಜಾಯಮಾನ ನಮ್ದಲ್ಲ ಕಣವ್ವ, ಕರ್ಯೋದ್ನ ಮರ್ತೋರ್ಗೆ ಏಳು" ಎನ್ನುವರು. ಎಮ್ಮೆ ಇಬ್ಬರಿಗೂ ಕಿವಿ ಅಲ್ಲಾಡಿಸುತ್ತಿತ್ತು. ದಿನಕ್ಕೊಂದು ಸಲ ಹೀಗೆ ನಡೆಯುತ್ತಿತ್ತು. ನಾನು ಆಗ ನಗುತ್ತಿದ್ದೆ. ಅದೂ ಮಾತೇ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಅಲ್ಲಿಗೆ ನನ್ನ ಪೆಟ್ಟಿಗೆ ಬಂತು. ಅಪ್ಪನ ದನಿಯನ್ನು ಮೊದಲು ನಮ್ಮ ಬಾವಿಯಲ್ಲೇ ಪರೀಕ್ಷಿಸೋಣ ಎಂದು ಅಲ್ಲಿಯೇ ಹಾಕಿದೆ. ಅಪ್ಪನದು, ಚಿಕ್ಕಪ್ಪನದು, ನನ್ನದು, ಮೂರೂ ನಂಬರು ಸೇರಿಸಿದೆ. ಅಣ್ಣನ ದನಿ ಕೇಳಿ ಚಿಕ್ಕಪ್ಪ ಪೆಟ್ಟಿಗೆಯನ್ನು ಕಿತ್ತು ಬಿಸಾಡುತ್ತಾರೇನೋ ಎಂದು ಹೆದರಿದ್ದೆ. ಏನೂ ಆಗಲಿಲ್ಲ. ಇಬ್ಬರೂ ಅವರವರ ಮನೆಯಲ್ಲೇ ಕೂತು ಒಂದು, ಎರಡು ಒತ್ತತೊಡಗಿದರು. ವಾಲನ್ನೂ ಪೆಟ್ಟಿಗೆಯೇ ತಿರುಗಿಸುವಂತೆ ಮಾಡಿದ್ದೆ. ಬಾವಿಯ ಹತ್ತಿರ ಹೋಗುವ ಅಗತ್ಯವೇ ಉಳಿಯಲಿಲ್ಲ. ಎಮ್ಮೆಗೆ ಸುದ್ದಿ ಹೇಳುವವರೂ ಇಲ್ಲವಾದರು. ಜಗಳವೂ ಇಲ್ಲ, ಸುತ್ತಾಟವೂ ಇಲ್ಲ, ಎಷ್ಟು ಅನುಕೂಲ ಎಂದು ನಾನು ಬೀಗಿದೆ.

ಒಂದು ತಿಂಗಳಾಗಿರಬಹುದು, ಅಪ್ಪ ರೇಗಿಕೊಂಡು ಫೋನ್ ಮಾಡಿದರು.

"ನಿನ್ ಮೋಟ್ರು ಯಾವಾಗ ನೋಡುದ್ರೂ ಬಿಜಿ ಕಣ್ಲಾ. ಯಾರತ್ರ ಮಾತಾಡ್ತಾ ಕುಂತಿರ್ತದೆ ಅದು?"

ನಾನು ಮಾಡಿದೆ, ನನಗೂ ಬಿಜಿ. ಮಧ್ಯಾಹ್ನ ಮಾಡಿದೆ, ಬಿಜಿ. ಸಾಯಂಕಾಲವೂ ಬಿಜಿ. ಒಂದು ಮೋಟಾರಿಗೆ ನೀರೆತ್ತುವುದು ಬಿಟ್ಟು ಇನ್ನೇನು ಅಷ್ಟು ವ್ಯವಹಾರ? ಸಾಲ ಬೇಕಾ, ಸೈಟು ಬೇಕಾ ಎಂದು ಎಲ್ಲರಿಗೂ ಫೋನ್ ಮಾಡುವವರು ಮೋಟಾರನ್ನೂ ಬಿಟ್ಟಿಲ್ಲವೆಂದು ತೀರ್ಮಾನಿಸಿದೆ. ಇಲ್ಲವೇ ಬೋರ್ಡಿನಲ್ಲೇ ದೋಷ. ಇಂಜಿನಿಯರುಗಳ ತಲೆಗೆ ಈ ಎರಡನ್ನು ಬಿಟ್ಟು ಮೂರನೆಯದು ಹೊಳೆಯುವುದಿಲ್ಲ. ಭಾನುವಾರ ಊರಿಗೆ ಹೋಗಿ ಹಳೇ ಪೆಟ್ಟಿಗೆ ಬಿಚ್ಚಿ, ಅಂಗಡಿಯಲ್ಲಿದ್ದ ಹೊಸದನ್ನು ಹಾಕಿ ಬಂದೆ. ಅದರಲ್ಲಿದ್ದದ್ದು ಟೀಚರಮ್ಮನ ದನಿ. ಸಿಮ್ಮನ್ನೂ ಬದಲಿಸಿ, ಹೊಸ ನಂಬರನ್ನು ಇಬ್ಬರ ಮನೆಗೂ ಕೊಟ್ಟೆ. ಅವತ್ತಿನಿಂದ ಮೋಟಾರು ಒಂದು ಸಲವೂ ಬಿಜಿ ಬರಲಿಲ್ಲ. ರಿಪೇರಿ ಎಂದರೆ ಹೀಗಿರಬೇಕು ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಚಿಕ್ಕಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಮೊದಲ ಬಸ್ಸಿಗೇ ಬಂದಿದ್ದರು. ನನ್ನ ಜೊತೆ ಅವರೇನೂ ಮಾತು ಬಿಟ್ಟಿರಲಿಲ್ಲ, ಆದರೆ ಅಂಗಡಿಗೆ ಎಂದೂ ಬಂದವರಲ್ಲ. ಕಾಫಿ ತರಿಸಿದೆ. ಕುಡಿದರು. ಟೇಬಲ್ಲಿನ ಮೇಲಿದ್ದ ವೈರುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ ಇಟ್ಟರು.

"ಅವ್ಳ್ಯಾರ್ಲಾ ಮಾದೇವ, ಮೋಟ್ರಲ್ಲಿ ಇರೋಳು?"

"ರೆಕಾರ್ಡಿಂಗ್ ಚಿಕ್ಕಪ್ಪ. ಯಾಕೆ, ಸರಿಯಾಗಿ ಹೇಳ್ತಿಲ್ವಾ?"

"ಇಲ್ಲ ಕಣ್ಲಾ. ಸರ್ಯಾಗಿ ಏಳಕ್ಕಿಲ್ಲ."

ಅಲ್ಲಿಯೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ವಿದ್ಯುತ್ ಸರಬರಾಜು ಸ್ಥಗಿತಗೊಂಡಿದೆ ಎಂದು ಟೀಚರಮ್ಮ ಅಚ್ಚುಕಟ್ಟಾಗಿ ಒಪ್ಪಿಸಿದಳು. "ಸರಿಯಾಗೇ ಹೇಳ್ತಿದಾಳಲ್ಲ ಚಿಕ್ಕಪ್ಪ. ಕರೆಂಟ್ ಇಲ್ಲ ಅಂತ."

"ಕರೆಂಟ್ ಇಲ್ದೇ ಇರೋದು ನಂಗೂ ಗೊತ್ತು ಕಣೋ!" ಚಿಕ್ಕಪ್ಪ ಗದರಿದರು. "ಸುತ್ಲ ಮೋಟ್ರೆಲ್ಲ ನಿಂತ್ರೆ ಕಿವಿ ಕೇಳ್ತದೆ ನಂಗೆ. ಅದ್ಕಾ ನಾನು ಫೋನ್ ಮಾಡೋದು?"

"ಮತ್ತೆ?"

ಚಿಕ್ಕಪ್ಪ ಕೈಲಿದ್ದ ವೈರನ್ನು ಬೆರಳಿಗೆ ಸುತ್ತುತ್ತಿದ್ದರು. ಬಿಚ್ಚಿದರು, ಮತ್ತೆ ಸುತ್ತಿದರು.

"ಇಷ್ಟು ದಿಸಕ್ಕೆ ಅವ್ನು ನನ್ನ ಕಣಪ್ಪ ಅಂದಿದ್ದು ಅದ್ರಾಗೆ ಒಂದೇಯ. ಬಿಸ್ಲಲ್ಲಿ ಬರ್ಬೇಡ ಅಂತಿದ್ದ. ನಂಗಲ್ಲ ಅಂದಿದ್ದು, ಗೊತ್ತು ಕಣ್ಲಾ. ಬಂದೋರ್ಗೆಲ್ಲ ಅಂಗೇ ಅಂತನೆ ಅಂತಲೂ ಗೊತ್ತು. ಆದ್ರೂ ವಸಿ ಕೇಳಣ ಅಂತ ಮತ್ತೆ ಮತ್ತೆ ಫೋನ್ ಮಾಡ್ತಿದ್ದೆ. ಹಳೇದ್ನೇ ಹಾಕ್ಬುಡು."

ನಾನು ಇಂಜಿನಿಯರ್. ದೋಷ ಎಂದು ಕಿತ್ತು ತಂದಿದ್ದ ಪೆಟ್ಟಿಗೆ ಅಲ್ಲೇ ಬೆಂಚಿನ ಕೆಳಗಿತ್ತು. ಅದರೊಳಗೆ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ.

ಅಂಗಡಿ ಮುಚ್ಚಿ, ಹಳೇ ಪೆಟ್ಟಿಗೆ ಎತ್ತಿಕೊಂಡು, ಚಿಕ್ಕಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರಿಗೆ ಬಂದೆ. ಅವರ ಬಾಗಿಲಲ್ಲಿ ಇಳಿಸಿ ನಮ್ಮ ಮನೆಗೆ ಬಂದರೆ ಅಪ್ಪ ಜಗಲಿಯ ಮೇಲೆ ಭಾಗ್ಯಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ಅವಳು ಬಾಣಂತನಕ್ಕೆ ಬಂದಿದ್ದಳು. ಮುಂದಿನ ವಾರ ಕೂಸಿಗೆ ಹೆಸರಿಡುವ ಶಾಸ್ತ್ರವಿತ್ತು.

"ಮತ್ಯಾಕೆ ತಂದೆ ಅದ್ನ? ಹೊಸದು ಚೆಂದಾಗದಲ್ಲ, ಬಿಜೀನೂ ಬರಕ್ಕಿಲ್ಲ" ಎಂದರು.

ಮುಚ್ಚಿಡುವುದು ನನಗೆ ಬರುವುದಿಲ್ಲ. ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅಪ್ಪ ಕೂಸಿನ ಮುಖವನ್ನೇ ನೋಡುತ್ತ ಕೇಳಿದರು. ಆಮೇಲೆ ಕೂಸನ್ನು ಭಾಗ್ಯಳ ಕೈಗೆ ಕೊಟ್ಟು ಎದ್ದರು.

"ಹಾಕ್ಲಾ ಅಪ್ಪ, ಹಳೇದನ್ನ?"

"ಬ್ಯಾಡ."

ನನಗೆ ಸಿಟ್ಟು ಬಂತು. ಇಷ್ಟು ಹೇಳಿದ ಮೇಲೂ ಇದೆಂಥ ಹಟ ಎಂದು ಅಂದೇಬಿಟ್ಟೆ. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ ಮುಖ ತೊಳೆದು ಬಿಳಿ ಶರಟು ಹಾಕಿ ಬಂದರು. "ತಟ್ಟೇಲಿ ಎಲೆ ಅಡ್ಕೆ ಇಡೇ ಭಾಗ್ಯ, ಕುಂಕುಮದ ಬಟ್ಲೂ ಇಡು" ಎಂದರು. ತಟ್ಟೆ ಹಿಡಿದು ಹೊರಟವರು ಜಗಲಿಯ ಮೆಟ್ಟಿಲಲ್ಲಿ ನಿಂತು, "ನೀನೂ ಬಾರ್ಲಾ, ಒಬ್ನೇ ಎಂಗೋಗ್ಲಿ" ಎಂದರು. ಊರಿನ ನ್ಯಾಯ ಪಂಚಾಯಿತಿಗೆಲ್ಲ ಒಬ್ಬರೇ ಹೋಗುವ ಮನುಷ್ಯ.

ನಮ್ಮ ಬಾಗಿಲಿಂದ ಅವರ ಬಾಗಿಲಿಗೆ ನಾಲ್ಕು ಹೆಜ್ಜೆ. ಅಪ್ಪ ಅದನ್ನು ಬಹಳ ನಿಧಾನವಾಗಿ ನಡೆದರು. ಬಾಗಿಲು ಮುಂದಕ್ಕೆ ಮಾಡಿತ್ತು. ತಟ್ಟಿದರು.

"ಯಾರದು?" ಒಳಗಿನಿಂದ ಚಿಕ್ಕಪ್ಪ.

"ನಾನು ಕಣಪ್ಪ."

ಬಾಗಿಲು ತೆರೆಯಿತು. ಚಿಕ್ಕಪ್ಪ ಅಪ್ಪನನ್ನು ನೋಡಲಿಲ್ಲ. ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿದರು.

"ಲೋ ಮಾದೇವ, ಇದು ದಿಟ್ವಾದ್ದಾ, ಇಲ್ಲ ನಿನ್ ಮಿಷನ್ನಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತಟ್ಟೆಯನ್ನು ನನ್ನ ಕೈಗೆ ತುರುಕಿ ಎರಡೂ ಕೈ ಮುಂದೆ ಚಾಚಿದರು.

"ಮುಟ್ಟಿ ನೋಡ್ಲಾ, ನಂಜ."

ಚಿಕ್ಕಪ್ಪ ಮುಟ್ಟಿ ನೋಡಿದರು. ಹಿಡಿದ ಕೈಯನ್ನು ಬಿಡದೆ ಹಾಗೆಯೇ ಒಳಗೆ ಕರೆದುಕೊಂಡು ಹೋದರು.